ಸತ್ತಿದ್ದರ ಲೆಕ್ಕ ಬರೆದಿಟ್ಟ ನೋಟ್‌ಬುಕ್ಕು

ನಮ್ಮನೆ ಟೀವಿ ಸ್ಟ್ಯಾಂಡಿನ ಡ್ರಾಯರ್‌ನಲ್ಲಿ ಒಂದು ಇನ್ನೂರು ಪೇಜಿನ ಗೆರೆ ನೋಟ್‌ಬುಕ್ ಇದೆ. ಮೊದಲನೇ ಪೇಜು ಹೀಗೆ ಶುರುವಾಗತ್ತೆ: "1. ಕೋಲು ಮೇಲಕ್ಕೆತ್ತಿದ, ನಾನು ಬೇಗ ಉರುಳಿದೆ, ಸತ್ತೆ. 2. ಅದೇ. 3. ಅದೇ. 4. ದೂರ ಹೋಗಿ ಫ್ಲಾಸ್ಕ್ ಕುಡಿಯೋಕೆ ನೋಡಿದೆ, ಚಾಕು ಎಸೆದ, ಸತ್ತೆ. 5. ಕೋಲು." ಅಕ್ಷರ ನನ್ನದು, ಆದ್ರೆ ಬರೆದಿಡಿ ಅಂತ ಹೇಳಿದ್ದು ನನ್ನ ಅಕ್ಕನ ಮಗ. ಇವತ್ತಿಗೂ ಯಾರಾದ್ರೂ "ಎಲ್ಡನ್ ರಿಂಗ್ ಶುರು ಮಾಡ್ತಿದೀನಿ, ಯಾವ ಸ್ಟ್ಯಾಟ್‌ಗೆ ಪಾಯಿಂಟ್ ಹಾಕ್ಲಿ" ಅಂತ ಕೇಳಿದ್ರೆ ನನಗೆ ನೆನಪಾಗೋದು ಆ ಪೇಜೇ.

ಗೇಮ್ ಆಡದೇ ಇರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಎಲ್ಡನ್ ರಿಂಗ್ 2022ರ ಫೆಬ್ರವರಿ 25ಕ್ಕೆ ಬಂತು, ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿದು, ಡೈರೆಕ್ಟರ್ ಹಿಡೆಟಾಕ ಮಿಯಾಝಾಕಿ. ಶತ್ರುನ ಹೊಡೆದ್ರೆ ರೂನ್ಸ್ ಸಿಗತ್ತೆ. ಆ ರೂನ್ಸೇ ದುಡ್ಡು, ಅದೇ ಅನುಭವ, ಅದನ್ನ ಕೊಟ್ಟು ಒಂದೊಂದೇ ಲೆವೆಲ್ ಹತ್ತಬೇಕು, ಒಂದು ಲೆವೆಲ್‌ಗೆ ಒಂದೇ ಒಂದು ಪಾಯಿಂಟು, ಅದನ್ನ ಎಂಟು ಸ್ಟ್ಯಾಟ್‌ಗಳಲ್ಲಿ ಯಾವುದಕ್ಕಾದ್ರೂ ಹಾಕ್ಬೋದು. ವಿಗರ್ ಅಂದ್ರೆ ಜೀವ. ಮೈಂಡ್ ಅಂದ್ರೆ ಮಂತ್ರಕ್ಕೆ ಬೇಕಾದ ನೀಲಿ ಬಾರು. ಎಂಡ್ಯೂರೆನ್ಸ್ ದಮ್ಮು, ಮತ್ತೆ ಎಷ್ಟು ಭಾರ ಹೊರ್ತೀರ ಅನ್ನೋದು. ಸ್ಟ್ರೆಂಥ್, ಡೆಕ್ಸ್ಟೆರಿಟಿ, ಇಂಟೆಲಿಜೆನ್ಸ್, ಫೇತ್, ಆರ್ಕೇನ್ ಈ ಐದೂ ಒಂದಲ್ಲ ಒಂದು ಥರ ಹೊಡೆತಕ್ಕೆ ಸಂಬಂಧಪಟ್ಟಿದ್ದು. ಸತ್ರೆ ಕೈಯಲ್ಲಿರೋ ರೂನ್ಸ್ ಎಲ್ಲ ಅಲ್ಲೇ ಬೀಳತ್ತೆ, ವಾಪಸ್ ಹೋಗಿ ಎತ್ಕೊಳ್ಳೋಕೆ ಮುಂಚೆ ಇನ್ನೊಂದು ಸಲ ಸತ್ರೆ ಅದು ಶಾಶ್ವತವಾಗಿ ಹೋಯ್ತು. ಹಂಗಾಗಿ ಒಂದೊಂದು ಪಾಯಿಂಟೂ ಬೆವರು ಸುರಿಸಿ ಸಂಪಾದಿಸಿದ್ದು ಅನ್ಸತ್ತೆ, ಅದನ್ನ ಎಲ್ಲಿ ಹಾಕ್ಬೇಕು ಅನ್ನೋ ಯೋಚನೆ ಆಫೀಸಿನಲ್ಲಿ, ಮೆಟ್ರೋದಲ್ಲಿ, ಸ್ನಾನ ಮಾಡೋವಾಗ್ಲೂ ತಲೇಲಿ ಓಡ್ತಾ ಇರತ್ತೆ.

ಶುರುವಿನಲ್ಲಿ ಒಂದು ಪಾತ್ರ ಆರಿಸ್ಕೋಬೇಕು, ನಾನು ಸಮುರಾಯ್ ತಗೊಂಡೆ. ಕೈಯಲ್ಲಿ ಉಚಿಗಟಾನ ಅನ್ನೋ ಕತ್ತಿ, ಬೆನ್ನಿಗೆ ಬಿಲ್ಲು, ನೋಡೋಕೆ ಚೆನ್ನಾಗಿದ್ದ. ಸಮುರಾಯ್ ಶುರುವಾಗೋದೇ ಲೆವೆಲ್ 9ರಲ್ಲಿ, ಡೆಕ್ಸ್ ಅಂದ್ರೆ ಡೆಕ್ಸ್ಟೆರಿಟಿ 15, ವಿಗರ್ 12. ಕತ್ತಿ ಹೊಡೆತಕ್ಕೆ ಡೆಕ್ಸ್ ಬೇಕು ಅಂತ ಓದಿದ್ದೆ, ಸರಿ, ಬಂದ ಪಾಯಿಂಟೆಲ್ಲ ಅಲ್ಲಿಗೇ ಹೋಯ್ತು. ಸ್ಟಾರ್ಮ್‌ವೇಲ್ ಕೋಟೆ ಬಾಗಿಲಿಗೆ ಬರೋ ಹೊತ್ತಿಗೆ ನಾನು ಲೆವೆಲ್ 28. ಹತ್ತೊಂಬತ್ತು ಪಾಯಿಂಟಲ್ಲಿ ಹನ್ನೆರಡು ಡೆಕ್ಸ್‌ಗೆ, ನಾಲ್ಕು ಎಂಡ್ಯೂರೆನ್ಸ್‌ಗೆ, ಮೂರು ಸ್ಟ್ರೆಂಥ್‌ಗೆ. ವಿಗರ್ ಅದೇ 12. ಅಂದ್ರೆ ಜೀವ ಸುಮಾರು 450 ಅಷ್ಟೇ.

ಆ ಬಾಗಿಲಲ್ಲಿ ನಿಂತಿರೋನು ಮಾರ್ಗಿಟ್, ಒಬ್ಬ ದೊಡ್ಡ ಶತ್ರು, ಅಂದ್ರೆ ಬಾಸ್. ಈ ಗೇಮ್ ಆಡಿದೋರೆಲ್ಲರಿಗೂ ಅವನು ಗೊತ್ತು. ಉದ್ದ ಕೋಲು, ಮೈಮೇಲೆಲ್ಲ ಕೊಂಬು, ಹರಿದ ಗೋಣಿ ಥರದ ಬಟ್ಟೆ. ಅವನ ವಿಶೇಷ ಏನಂದ್ರೆ ಕೋಲು ಎತ್ತಿ ಹಂಗೇ ತಡೀತಾನೆ, ಇನ್ನೇನು ಬಿತ್ತು ಅಂತ ನಾವು ಉರುಳಿ ಎದ್ದ ಮೇಲೆ ನಿಧಾನಕ್ಕೆ ಬೀಳಿಸ್ತಾನೆ. ಎರಡು ಏಟು, ತಪ್ಪಿದ್ರೆ ಮೂರು, ನಾನು ಮುಗೀತು. ಏಪ್ರಿಲ್ ಕೊನೇಲಿ ಶುರು ಮಾಡಿದೋನು ಮೇ ಎರಡನೇ ವಾರದ ತನಕ ದಿನಾ ರಾತ್ರಿ ಊಟ ಆದ್ಮೇಲೆ ಅವನ ಮುಂದೆ ಹೋಗಿ ನಿಲ್ತಿದ್ದೆ, ಹನುಮಂತನಗರದ ನಮ್ಮ ಬಾಡಿಗೆ ಮನೆ ಹಾಲಲ್ಲಿ ಫ್ಯಾನಿನ ಸದ್ದು ಬಿಟ್ರೆ ಕೇಳ್ತಿದ್ದಿದ್ದು ನಾನು ಸಾಯೋ ಸದ್ದು. ನನ್ನ ಹೆಂಡತಿ ಅಡುಗೆಮನೆ ದೀಪ ಆರಿಸ್ಕೊಂಡು ಬರೋವಾಗ ಒಂದು ಸಲ ನಿಂತು ನೋಡಿ, "ಇನ್ನೂ ಅದೇ ಕೋಲಿನವನಾ?" ಅಂತ ಕೇಳೋಳು. ಹೂಂ ಅಂತಿದ್ದೆ.

ಸೋತಾಗೆಲ್ಲ ನಾನು ಏನ್ ಮಾಡ್ತಿದ್ದೆ ಅಂದ್ರೆ, ಹಿಂದಕ್ಕೆ ಹೋಗಿ ಒಂದಷ್ಟು ರೂನ್ಸ್ ಕೂಡಿಸಿ ಇನ್ನೊಂದು ಪಾಯಿಂಟ್ ಡೆಕ್ಸ್‌ಗೆ ಹಾಕೋದು. ಜೋರಾಗಿ ಹೊಡೆದ್ರೆ ಅವನು ಬೇಗ ಸಾಯ್ತಾನೆ, ಬೇಗ ಸತ್ರೆ ನಾನು ಬದುಕ್ತೀನಿ. ಲೆಕ್ಕ ಸರಿ ಅಂತಾನೇ ಕಾಣ್ತಿತ್ತು.

ಆಗ ಅಕ್ಕನ ಮಗ ತುಮಕೂರಿಂದ ಬಂದ. ಸಿಇಟಿ ಜೂನ್‌ನಲ್ಲಿತ್ತು, ಅದಕ್ಕೆ ಕ್ರ್ಯಾಶ್ ಕೋರ್ಸ್ ಸೇರಿದ್ದ, ಒಂದೂವರೆ ತಿಂಗಳು ನಮ್ಮನೇಲೇ ಇದ್ದ. ಹತ್ತು ಗಂಟೆಗೆ ಪುಸ್ತಕ ಮುಚ್ಚಿ ಅರ್ಧ ಗಂಟೆ ಸೋಫಾ ಮೇಲೆ ಕೂತು ನಾನು ಆಡೋದು ನೋಡೋನು. ನಾಲ್ಕೈದು ದಿನ ಏನೂ ಮಾತಾಡ್ಲಿಲ್ಲ. ಆಮೇಲೊಂದಿನ ತನ್ನ ಬ್ಯಾಗಿಂದ ಒಂದು ನೋಟ್‌ಬುಕ್ ತೆಗೆದು ತೋರಿಸ್ದ. ಮಾಕ್ ಟೆಸ್ಟಲ್ಲಿ ತಪ್ಪಾದ ಒಂದೊಂದು ಪ್ರಶ್ನೆಯನ್ನೂ ಬರೆದಿದ್ದ, ಪಕ್ಕದಲ್ಲಿ ಒಂದು ಅಕ್ಷರ. ಗೊ ಅಂದ್ರೆ ಗೊತ್ತಿರ್ಲಿಲ್ಲ. ಲೆ ಅಂದ್ರೆ ಗೊತ್ತಿತ್ತು, ಲೆಕ್ಕ ತಪ್ಪಾಯ್ತು. ಟೈ ಅಂದ್ರೆ ಟೈಮ್ ಸಾಕಾಗ್ಲಿಲ್ಲ. "ಮೊದಲು ನಾನು ಫಿಸಿಕ್ಸ್ ವೀಕು ಅಂತ ಬರೀ ಫಿಸಿಕ್ಸೇ ಓದ್ತಿದ್ದೆ ಮಾಮ, ಆಮೇಲೆ ಎಣಿಸಿ ನೋಡಿದ್ರೆ ಫಿಸಿಕ್ಸಲ್ಲಿ ಹೋಗ್ತಿರೋ ಮಾರ್ಕ್ಸ್ ಎಲ್ಲ ಲೆ. ಓದೋದು ಬೇಕಾಗೇ ಇರ್ಲಿಲ್ಲ. ನೀವೂ ಹೆಂಗೆ ಸಾಯ್ತೀರ ಅಂತ ಒಂದು ಸಲ ಬರೀರಿ." ಹದಿನೇಳು ವರ್ಷದ ಹುಡುಗ. ನನಗೆ ಆಗ ಮೂವತ್ತಾರು.

ಬರೆದೆ. ಹತ್ತು ದಿನಕ್ಕೆ 43 ಸಾವು. ಜೊತೆಗೆ ಮೊಬೈಲಲ್ಲಿ ಸ್ಟಾಪ್‌ವಾಚ್ ಇಟ್ಟು ಒಂದೊಂದು ಜಗಳ ಎಷ್ಟು ಹೊತ್ತು ನಡೀತು, ಕೊನೇಲಿ ಅವನ ಜೀವ ಎಷ್ಟು ಉಳಿದಿತ್ತು ಅಂತಾನೂ ಗುರುತು ಮಾಡ್ಕೊಂಡೆ. ಭಾನುವಾರ ಬೆಳಿಗ್ಗೆ ಕಾಫಿ ಕುಡೀತಾ ಇಬ್ರೂ ಕೂತು ಎಣಿಸಿದ್ವಿ. ಅವನ ಜೀವ ಕಾಲು ಭಾಗಕ್ಕಿಂತ ಕಮ್ಮಿ ಇದ್ದಾಗ ನಾನು ಸತ್ತಿದ್ದು ಬರೀ ಮೂರು ಸಲ. ಮೂರೇ. ಅರ್ಧಕ್ಕಿಂತ ಹೆಚ್ಚು ಸಲ ನಲವತ್ತು ಸೆಕೆಂಡ್ ಒಳಗೇ ಎಲ್ಲ ಮುಗಿದಿತ್ತು. ಅಂದ್ರೆ ಹೊಡೆತ ಸಾಲ್ದೆ ನಾನು ಸೋತಿದ್ದು ಆ ಮೂರು ಸಲ ಮಾತ್ರ ಅನ್ಬೋದು, ಮಿಕ್ಕಿದ 40 ಸಲ ನಾನು ಅಲ್ಲಿ ಇರಲೇ ಇಲ್ಲ. ಆ ಮನುಷ್ಯ ಏನೇನು ಮಾಡ್ತಾನೆ ಅನ್ನೋದನ್ನ ನೋಡೋಕೂ ನನಗೆ ಪುರುಸೊತ್ತು ಇರ್ಲಿಲ್ಲ, ನೋಡದೆ ಇರೋದನ್ನ ಕಲಿಯೋದು ಹೆಂಗೆ? ಎರಡು ವಾರ ಡೆಕ್ಸ್ ಡೆಕ್ಸ್ ಅಂತ ನಾನು ಸರಿ ಮಾಡ್ತಾ ಇದ್ದಿದ್ದು ಆ ಮೂರು ಸಾವನ್ನ.

ಆ ಭಾನುವಾರ ನನಗೆ ಎಸ್‌ಪಿ ರೋಡ್ ನೆನಪಾಯ್ತು. 2013ರಲ್ಲಿ ಮೊದಲನೇ ಸಲ ಸ್ವಂತ ದುಡ್ಡಲ್ಲಿ ಕಂಪ್ಯೂಟರ್ ಕಟ್ಟಿಸ್ದಾಗ ಟೌನ್ ಹಾಲ್ ಹತ್ರ ಬಸ್ಸಿಳಿದು ಆ ಸಂದಿಗಳಲ್ಲಿ ಮಧ್ಯಾಹ್ನ ಪೂರ್ತಿ ಅಲೆದಿದ್ದೆ. ಇದ್ದ ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡಿಗೆ. ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆ ಬಂದಿದ್ದೇ ಸಾಕು ಅಂದೆ, ಅದು ಒಳಗಡೆ ಕರೆಂಟ್ ಹಂಚೋ ಡಬ್ಬ, ಅದರಿಂದ ಒಂದು ಫ್ರೇಮ್ ಕೂಡ ಜಾಸ್ತಿ ಬರಲ್ಲ, ಅದಕ್ಕೆ ಯಾಕೆ ಮೂರ್ನಾಲ್ಕು ಸಾವಿರ ಅಂತ. ಅಂಗಡಿಯವರು ವಯಸ್ಸಾದೋರು, ಒಂದು ಸಲ ಹೇಳಿದ್ರು, "ಸರ್, ಇದು ಮೊದ್ಲು ತಗೊಳ್ಳಿ, ಕಾರ್ಡು ಆಮೇಲೆ ಬಂದ್ರೂ ನಡೆಯುತ್ತೆ." ಕೇಳ್ಲಿಲ್ಲ. ಎಂಟು ತಿಂಗಳಿಗೆ ಒಂದು ಮಳೆ ರಾತ್ರಿ ಕರೆಂಟು ಹೋಗಿ ಬಂದು ಹೋಗಿ ಬಂತು, ಡಬ್ಬದಿಂದ ಸುಟ್ಟ ವಾಸನೆ, ಮದರ್‌ಬೋರ್ಡೂ ಹೋಯ್ತು, ಕಾರ್ಡೂ ಹೋಯ್ತು. ಆಮೇಲೆ ಒಂದೂವರೆ ವರ್ಷ ನನ್ನ ಹತ್ರ ಕಂಪ್ಯೂಟರೇ ಇರ್ಲಿಲ್ಲ. ಎರಡನೇ ಸಲ ಕಟ್ಟಿಸ್ದಾಗ ಎಸ್‌ಎಂಪಿಎಸ್ ಮೊದಲು ಆರಿಸಿದೆ, ಮಿಕ್ಕಿದ್ದೆಲ್ಲ ಅದರ ಮೇಲೆ. ಕಂಪ್ಯೂಟರಲ್ಲಿ ಕಲಿತಿದ್ದು ಗೇಮಲ್ಲಿ ನನಗೆ ಹೊಳೀಲೇ ಇಲ್ಲ, ಅದೇ ತಪ್ಪನ್ನ ಅದೇ ಕಂಪ್ಯೂಟರ್ ಮುಂದೆ ಕೂತು ಮಾಡ್ತಿದ್ದೆ.

ಈಗ ಲೆಕ್ಕಕ್ಕೆ ಬರ್ತೀನಿ, ಯಾಕಂದ್ರೆ ವಿಗರ್ ಬಗ್ಗೆ ಸುಮ್ನೆ ಬಾಯಿಮಾತಲ್ಲಿ ಹೇಳಿದ್ರೆ ಯಾರೂ ನಂಬಲ್ಲ, ನಾನೂ ನಂಬಿರ್ಲಿಲ್ಲ. ವಿಗರ್ 25ಕ್ಕೆ ಜೀವ 800. 40ಕ್ಕೆ 1450. ನಡುವೆ ಹದಿನೈದು ಪಾಯಿಂಟಿಗೆ 650, ಅಂದ್ರೆ ಒಂದು ಪಾಯಿಂಟಿಗೆ ಹತ್ತಿರ ಹತ್ತಿರ 43. ಅಲ್ಲಿಂದ 60ಕ್ಕೆ 1900, ಪಾಯಿಂಟಿಗೆ ಇಪ್ಪತ್ತೆರಡೂವರೆ. 60ರಿಂದ 99ಕ್ಕೆ ಬರೀ 2100, ಅಂದ್ರೆ ಮೂವತ್ತೊಂಬತ್ತು ಪಾಯಿಂಟ್ ಸುರಿದ್ರೂ 200 ಮಾತ್ರ. ಇಂಥ ತಿರುವುಗಳನ್ನೇ ಸಾಫ್ಟ್ ಕ್ಯಾಪ್ ಅನ್ನೋದು. 40 ತನಕ ವಿಗರ್ ಇಡೀ ಗೇಮಲ್ಲೇ ಅಗ್ಗದ ಮಾಲು, 60 ದಾಟಿದ್ಮೇಲೆ ದುಬಾರಿ. ಅದೇ ಹೊತ್ತಲ್ಲಿ ನನ್ನ ಉಚಿಗಟಾನದ ಡೆಕ್ಸ್ ಸ್ಕೇಲಿಂಗ್, ಅಂದ್ರೆ ಡೆಕ್ಸ್ ಏರಿದ್ರೆ ಹೊಡೆತ ಎಷ್ಟು ಏರತ್ತೆ ಅನ್ನೋ ದರ್ಜೆ, ಬರೀ ಡಿ, ಆ ಹಂತದಲ್ಲಿ ಒಂದು ಪಾಯಿಂಟ್ ಡೆಕ್ಸ್ ಹಾಕಿದ್ರೆ ಹೊಡೆತದ ಅಂಕಿ ಒಂದೋ ಎರಡೋ ಏರೋದು, ಅದು ಬಾಸ್‌ನ ಜೀವದ ಬಾರಲ್ಲಿ ಕಣ್ಣಿಗೂ ಕಾಣಲ್ಲ.

ಹಾಗಾದ್ರೆ ಹೊಡೆತ ಎಲ್ಲಿಂದ ಬರತ್ತೆ? ಕತ್ತಿಯಿಂದ. ಇದನ್ನ ನಾನು ಹೊಸಬರಿಗೆ ಎಷ್ಟು ಸಲ ಹೇಳಿದೀನೋ, ಮತ್ತೆ ಹೇಳ್ತೀನಿ. ಶುರುವಿನ ಐವತ್ತು ಅರವತ್ತು ಲೆವೆಲ್ ತನಕ ಹೊಡೆತ ಏರೋದು ಆಯುಧದ ಪ್ಲಸ್ ನಂಬರಿಂದ, ಸ್ಟ್ಯಾಟಿಂದ ಅಲ್ಲ. ಮಾಮೂಲಿ ಆಯುಧ ಸ್ಮಿದಿಂಗ್ ಸ್ಟೋನಲ್ಲಿ ಪ್ಲಸ್ 25 ತನಕ ಹೋಗತ್ತೆ, ವಿಶೇಷ ಆಯುಧಗಳು ಸೋಂಬರ್ ಸ್ಟೋನಲ್ಲಿ ಪ್ಲಸ್ 10 ತನಕ, ಕೊನೆಗೆ ಮುಟ್ಟೋ ಹೊತ್ತಿಗೆ ಕತ್ತಿಯ ಮೂಲ ಹೊಡೆತ ಎರಡು ಪಟ್ಟು ದಾಟಿರತ್ತೆ. ಮೊದಲ ಮೂರು ಮೆಟ್ಟಿಲಿಗೆ ಬೇಕಾಗಿದ್ದು ಎರಡು, ನಾಲ್ಕು, ಆರು, ಒಟ್ಟು ಹನ್ನೆರಡು ಕಲ್ಲು, ಅವು ಗೇಮ್ ಶುರುವಾಗೋ ಲಿಮ್‌ಗ್ರೇವ್ ಸೀಮೆಯ ಗಣಿಯಲ್ಲಿ ಗೋಡೆಗೆ ಅಂಟ್ಕೊಂಡೇ ಇರತ್ತೆ, ಎಲ್ಲೆಹ್ ಚರ್ಚಿನ ಮೇಜಿನ ಮೇಲೆ ಪ್ಲಸ್ 3 ತನಕ ನಾವೇ ಮಾಡ್ಕೋಬೋದು. ನಾನು 28 ಲೆವೆಲ್‌ನಲ್ಲಿ ಪ್ಲಸ್ 1 ಕತ್ತಿ ಹಿಡ್ಕೊಂಡು ನಿಂತಿದ್ದೆ. ಫ್ಲಾಸ್ಕ್ ಅಂದ್ರೆ ಕುಡಿದ್ರೆ ಜೀವ ತುಂಬೋ ಸೀಸೆ, ಅದಕ್ಕೂ ಅಷ್ಟೇ, ಗೋಲ್ಡನ್ ಸೀಡ್ ಸಿಕ್ರೆ ಇನ್ನೊಂದು ಗುಟುಕು, ಸೇಕ್ರೆಡ್ ಟಿಯರ್ ಸಿಕ್ರೆ ಒಂದೊಂದು ಗುಟುಕಿನ ಶಕ್ತಿ ಜಾಸ್ತಿ, ಎರಡಕ್ಕೂ ಒಂದು ರೂನ್ ಕೂಡ ಖರ್ಚಿಲ್ಲ, ಊರೂರು ಸುತ್ತಿ ಹುಡುಕಿದ್ರೆ ಆಯ್ತು. ಮೆನುವಿನಲ್ಲಿ ಲೆವೆಲ್ ಅಪ್ ಅಂತ ಬರೆದಿರೋ ಕಡೆಯಷ್ಟೇ ಕಣ್ಣು ಹೋಗತ್ತೆ ನಮಗೆ, ಅದರ ಹೊರಗಿರೋದು ಅಪ್‌ಗ್ರೇಡ್ ಅಂತಾನೇ ಅನ್ಸಲ್ಲ.

ಒಂದು ವಾರ ಮಾರ್ಗಿಟ್ ಹತ್ರ ಹೋಗ್ಲೇ ಇಲ್ಲ. ಗಣಿಗೆ ಹೋದೆ, ಮರಿಕಾಳ ಮೂರನೇ ಚರ್ಚಿಗೆ ಹೋಗಿ ಟಿಯರ್ ತಂದೆ, ಕಲ್ಲು ಕೂಡಿಸಿ ಕತ್ತಿ ಪ್ಲಸ್ 3 ಮಾಡಿದೆ. ಎಂಟು ಲೆವೆಲ್ ಹತ್ತಿ ಎಂಟೂ ವಿಗರ್‌ಗೆ ಹಾಕಿದೆ, 20 ಆಯ್ತು. ಆಮೇಲೆ ಹೋಗಿ ನಿಂತೆ. ಆ ದಿನವೂ ಸತ್ತೆ, ಆರು ಸಲ. ಆದ್ರೆ ನೋಟ್‌ಬುಕ್ಕಿನ ಬರಹ ಬದಲಾಗಿತ್ತು: "44. ಎರಡು ನಿಮಿಷ ಹತ್ತು ಸೆಕೆಂಡ್. ಚಿನ್ನದ ಸುತ್ತಿಗೆ ತೆಗೆದ, ಅದು ಗೊತ್ತೇ ಇರ್ಲಿಲ್ಲ." ಅವನ ಎರಡನೇ ಹಂತವನ್ನ ನಾನು ಸರಿಯಾಗಿ ನೋಡಿದ್ದೇ ಅವತ್ತು. ಕೋಲಿನ ಏಟು ತಿಂದೂ ಬದುಕಿದ್ದೆ, ಬದುಕಿದ್ದಕ್ಕೆ ಅದು ಯಾವಾಗ ಬೀಳತ್ತೆ ಅಂತ ಕಣ್ಣಾರೆ ಕಾಣ್ತು, ಆಮೇಲಾಮೇಲೆ ಏಟೇ ಬೀಳ್ಲಿಲ್ಲ. ವಿಗರ್ ಅಂದ್ರೆ ಜೀವದ ಬಾರ್ ಉದ್ದ ಆಗೋದು ಅಂತ ತಿಳ್ಕೊಂಡಿದ್ದೆ, ನನಗೆ ಸಿಕ್ಕಿದ್ದು ನೋಡೋಕೆ ಟೈಮು. 53ನೇ ನಂಬರ್ ಮುಂದೆ ಹುಡುಗನ ಅಕ್ಷರದಲ್ಲಿದೆ, "ಗೆದ್ವಿ". ರಾತ್ರಿ ಹನ್ನೊಂದೂಕಾಲು, ಹೆಂಡತಿ ಮಲಗಿದ್ಲು, ಇಬ್ರೂ ಸದ್ದಿಲ್ದೆ ಕೈ ಹಿಡ್ಕೊಂಡು ಕುಣಿದ್ವಿ.

ಇಷ್ಟು ಹೇಳಿದ್ಮೇಲೆ ಎಲ್ರೂ ಕಣ್ಮುಚ್ಚಿ ವಿಗರ್ ಹಾಕಿ ಅಂತ ನಾನು ಹೇಳ್ಬೇಕು ಅನ್ಸತ್ತೆ, ಆದ್ರೆ ಅದೂ ಪೂರ್ತಿ ನಿಜ ಅಲ್ಲ. ಹುಡುಗ ಪರೀಕ್ಷೆ ಮುಗಿದ್ಮೇಲೆ ಹತ್ತು ದಿನ ಇದ್ದು ತಾನೂ ಒಂದು ಆಟ ಶುರು ಮಾಡ್ದ. ಅವನು ವ್ಯಾಗಬಾಂಡ್ ತಗೊಂಡ, ದೊಡ್ಡ ಕತ್ತಿ, ಎರಡೂ ಕೈಲಿ ಹಿಡಿಯೋದು, ಎರಡು ಕೈಲಿ ಹಿಡಿದ್ರೆ ಸ್ಟ್ರೆಂಥ್ ಒಂದೂವರೆ ಪಟ್ಟು ಅಂತ ಲೆಕ್ಕ ಹಾಕತ್ತೆ ಗೇಮು. ಅವನ ಕೈ ನನ್ನದಕ್ಕಿಂತ ಚುರುಕು, ಏಟು ತಿನ್ನೋದೇ ಕಮ್ಮಿ. ಅವನು ಸಾಯ್ತಿದ್ದಿದ್ದು ಬೇರೆ ಥರ: ದಪ್ಪ ಕವಚ ಹಾಕ್ಕೊಂಡು ಭಾರ ನೂರರಲ್ಲಿ ಎಪ್ಪತ್ತು ದಾಟಿಸ್ಬಿಟ್ಟಿದ್ದ, ಎಪ್ಪತ್ತು ದಾಟಿದ್ರೆ ಉರುಳೋದು ಮೂಟೆ ಬಿದ್ದ ಹಂಗೆ ಆಗತ್ತೆ. ಅವನಿಗೆ ಬೇಕಾಗಿದ್ದು ಎಂಡ್ಯೂರೆನ್ಸು, ಇಲ್ಲಾಂದ್ರೆ ಎದೆಗವಚ ಬಿಚ್ಚಿಡೋದು. ಬಿಚ್ಚಿಟ್ಟ, ಒಂದು ಪಾಯಿಂಟೂ ಖರ್ಚಾಗ್ಲಿಲ್ಲ. ಒಂದೇ ಮನೆ, ಒಂದೇ ಸೋಫಾ, ಒಂದೇ ಮಾರ್ಗಿಟ್, ಆದ್ರೆ ನನಗೆ ಬೇಕಾಗಿದ್ದು ಅವನಿಗೆ ಬೇಕಿರ್ಲಿಲ್ಲ.

ಅದಕ್ಕೇ ಟಾಪ್ ಹತ್ತು ಬಿಲ್ಡ್ ಥರದ ವಿಡಿಯೋಗಳ ಮೇಲೆ ನನಗೆ ನಂಬಿಕೆ ಹೋಗಿದ್ದು (ಬಿಲ್ಡ್ ಅಂದ್ರೆ ಯಾವ ಸ್ಟ್ಯಾಟು, ಯಾವ ಆಯುಧ ಅಂತ ಜೋಡಿಸೋ ರೀತಿ). ಅವರು ಸುಳ್ಳು ಹೇಳ್ತಾರೆ ಅಂತಲ್ಲ. ಅವರು ಹೇಳೋದು ಆ ಬಿಲ್ಡ್ ಹೆಂಗೆ ಗೆಲ್ಲತ್ತೆ ಅಂತ, ನಾನು ಹೆಂಗೆ ಸೋಲ್ತೀನಿ ಅಂತ ಅವರಿಗೆ ಗೊತ್ತಿರಲ್ಲ. ರಡಗಾನ್‌ನ ಸೋರ್‌ಸೀಲ್ ಅನ್ನೋ ತಾಯ್ತ ಇದೆ, ವಿಗರ್, ಎಂಡ್ಯೂರೆನ್ಸ್, ಸ್ಟ್ರೆಂಥ್, ಡೆಕ್ಸ್ ನಾಲ್ಕಕ್ಕೂ ಐದೈದು ಕೊಡತ್ತೆ, ಅಂದ್ರೆ ಪುಕ್ಕಟೆ ಇಪ್ಪತ್ತು ಲೆವೆಲ್, ಶುರುವಿನಲ್ಲೇ ಓಡಿ ಹೋಗಿ ತನ್ನಿ ಅಂತ ಎಲ್ರೂ ಹೇಳ್ತಾರೆ. ಆದ್ರೆ ಅದನ್ನ ಕಟ್ಕೊಂಡ್ರೆ ಬೀಳೋ ಏಟು ಶೇಕಡ 15 ಜಾಸ್ತಿ. ಏಟು ತಪ್ಪಿಸ್ಕೊಳ್ಳೋರಿಗೆ ಅದು ವರ, ನನ್ನಂಗೆ ಏಟು ತಿಂದೇ ಕಲಿಯೋರು ಅದನ್ನ ಯೋಚನೆ ಮಾಡಿ ಹಾಕ್ಕೋಬೇಕು.

ಹಳೇ ಗೇಮ್‌ಗಳಲ್ಲಿ ಇದು ಇನ್ನೂ ಕ್ರೂರವಾಗಿತ್ತು. 2011ರ ಡಾರ್ಕ್ ಸೋಲ್ಸಲ್ಲಿ ರೆಸಿಸ್ಟೆನ್ಸ್ ಅಂತ ಒಂದು ಸ್ಟ್ಯಾಟ್ ಇತ್ತು, ಹೆಸರು ಕೇಳಿದ್ರೆ ಒಳ್ಳೇದು ಅನ್ಸತ್ತೆ, ಹಾಕಿದ ಪಾಯಿಂಟ್ ನೀರಲ್ಲಿ ಹೋಮ, ವಾಪಸ್ ತಗೊಳ್ಳೋಕೂ ಆಗ್ತಿರ್ಲಿಲ್ಲ. ಎಲ್ಡನ್ ರಿಂಗಲ್ಲಿ ಆ ಭಯ ಇಲ್ಲ, ರಾಯಾ ಲುಕಾರಿಯಾ ಅಕಾಡೆಮಿಯಲ್ಲಿ ರೆನ್ನಾಲಾಳನ್ನ ಗೆದ್ರೆ ಅವಳು ಲಾರ್ವಲ್ ಟಿಯರ್ ಅನ್ನೋ ಒಂದು ವಸ್ತು ತಗೊಂಡು ಮರುಹುಟ್ಟು ಕೊಡ್ತಾಳೆ, ಎಲ್ಲ ಪಾಯಿಂಟೂ ಹೊಸದಾಗಿ ಹಂಚ್ಕೋಬೋದು. ಟಿಯರ್‌ಗಳು ಲೆಕ್ಕದಷ್ಟೇ ಇವೆ, ಆದ್ರೂ ಇವೆ. ನನಗೆ ಈ ಸಾಲಿನ ಗೇಮ್‌ಗಳಲ್ಲಿ ತುಂಬಾ ಇಷ್ಟ ಆಗಿದ್ದು ಈ ಒಂದು ಬದಲಾವಣೆ, ತಪ್ಪು ಮಾಡೋಕೆ ಜಾಗ ಬಿಟ್ಟಿದಾರೆ.

ನೋಟ್‌ಬುಕ್ಕು ನನ್ನನ್ನ ಇಕ್ಕಟ್ಟಿಗೆ ಸಿಕ್ಕಿಸಿದ್ದು ಮಲೇನಿಯಾ ಅನ್ನೋ ಬಾಸ್ ಹತ್ರ. ಅಷ್ಟು ಹೊತ್ತಿಗೆ ವಿಗರ್ 50, ಕತ್ತಿ ಪ್ಲಸ್ 25, ಡೆಕ್ಸೂ ಸಾಕಷ್ಟಿತ್ತು. ಅವಳ ಏಟು ನಮಗೆ ತಗುಲಿದ್ರೆ ಅವಳ ಜೀವ ಏರತ್ತೆ, ಗುರಾಣಿ ಅಡ್ಡ ಹಿಡಿದ್ರೂ ಏರತ್ತೆ. ಏಟು ತಿಂದು ಕಲಿಯೋ ನನ್ನ ದಾರಿ ಅಲ್ಲಿ ಅರ್ಧಂಬರ್ಧ ಮುಚ್ಚೋಯ್ತು, ಯಾಕಂದ್ರೆ ನಾನು ಬದುಕಿದ್ದಷ್ಟೂ ಹೊತ್ತು ಅವಳಿಗೂ ಊಟ. 70 ಸಾವು ಬರೆದು ಎಣಿಸಿದ್ರೆ 51 ಒಂದೇ ಕಾರಣಕ್ಕೆ: ಗಾಳಿಗೆ ಹಾರಿ ಕ್ಷಣ ನಿಂತು ಕತ್ತಿಯ ಸುರಿಮಳೆ ಹೊಡೀತಾಳಲ್ಲ, ವಾಟರ್‌ಫೌಲ್ ಡ್ಯಾನ್ಸ್. ಅದಕ್ಕೆ ಯಾವ ಸ್ಟ್ಯಾಟೂ ಉತ್ತರ ಅಲ್ಲ. ವಿಗರ್ 60 ಮಾಡಿದ್ರೂ ಪೂರ್ತಿ ತಗುಲಿದ್ರೆ ಸಾವೇ. ಅವತ್ತು ರೂನ್ಸ್ ಕೈಲಿ ತುಂಬಾ ಇತ್ತು, ಆದ್ರೂ ಗ್ರೇಸ್ ಅನ್ನೋ ವಿಶ್ರಾಂತಿ ಜಾಗದ ಹತ್ರ ಕೂತು ಲೆವೆಲ್ ಅಪ್ ಮೆನು ತೆಗೆದು ಏನೂ ಹಾಕ್ದೆ ಮುಚ್ಚಿದೆ. ಅವಳು ಹಾರಿದ ತಕ್ಷಣ ಬೆನ್ನು ಹಾಕಿ ಓಡೋದನ್ನ ಕಲಿಯೋಕೆ ಮೂರು ರಾತ್ರಿ ಬೇಕಾಯ್ತು. ಉಚಿಗಟಾನ ರಕ್ತಸ್ರಾವ ಮಾಡಿಸತ್ತೆ, ಅವಳಿಗೆ ಅದು ಹಿಡಿಯತ್ತೆ, ಓಡೋದು ಬಂದ ಮೇಲೆ ಮಿಕ್ಕಿದ್ದನ್ನ ಕತ್ತಿ ನೋಡ್ಕೊಂಡ್ತು.

ಹುಡುಗ ಈಗ ಇಂಜಿನಿಯರಿಂಗ್ ಮಾಡ್ತಿದಾನೆ, ಹಾಸ್ಟೆಲ್ಲಲ್ಲಿದಾನೆ. 2024ರ ಜೂನ್ 21ಕ್ಕೆ ಇದೇ ಗೇಮಿನ ಮುಂದುವರಿದ ಭಾಗ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಬಂತಲ್ಲ, ಮೊದಲನೇ ವಾರವೇ ಫೋನ್ ಮಾಡ್ದ, ಲೆವೆಲ್ 150 ದಾಟಿದ್ರೂ ಎರಡೇಟಿಗೆ ಸಾಯ್ತಿದೀನಿ ಮಾಮ ಅಂತ. ನಾನೂ ಅಷ್ಟೇ ಸಾಯ್ತಿದ್ದೆ. ಅಲ್ಲಿ ನಮ್ಮ ಹಳೇ ಲೆವೆಲ್‌ಗಿಂತ ಸ್ಕಾಡುಟ್ರೀ ಬ್ಲೆಸಿಂಗ್ ಅನ್ನೋದು ಮುಖ್ಯ, ಚೂರುಗಳನ್ನ ಹುಡುಕಿ ತಂದ್ರೆ ಹೊಡೆತವೂ ಏರತ್ತೆ, ಬೀಳೋ ಏಟೂ ಕಮ್ಮಿ ಆಗತ್ತೆ, ಒಟ್ಟು 20 ಮೆಟ್ಟಿಲು, ಆ ನಾಡಿನ ಹೊರಗೆ ಅದು ಲೆಕ್ಕಕ್ಕಿಲ್ಲ. ತುಂಬಾ ಜನ ಅದನ್ನ ಬಿಟ್ಟು ನೇರ ಬಾಸ್‌ಗಳ ಹತ್ರ ಹೋಗಿ ಕಷ್ಟ ಅಂತ ಗೋಳಾಡಿದ್ರು, ಕೆಲವೇ ದಿನದಲ್ಲಿ ಒಂದು ಪ್ಯಾಚ್ ಬಂದು ಮೊದಲರ್ಧದ ಮೆಟ್ಟಿಲುಗಳನ್ನ ಇನ್ನೂ ಜೋರು ಮಾಡಿದ್ರು.

ನಾನು ಅಲ್ಲಿನ ಬಾಸ್ ಮೆಸ್ಮರ್‌ನ ಅರ್ಧದಲ್ಲೇ ಬಿಟ್ಟು ಬೇರೆ ಕೆಲಸಗಳಲ್ಲಿ ಸಿಕ್ಕಾಕ್ಕೊಂಡಿದ್ದೆ, ಈಗ ತಿರುಗಿ ಶುರು ಮಾಡಿದೀನಿ. ನೋಟ್‌ಬುಕ್ಕಲ್ಲಿ ಇನ್ನು ಹನ್ನೊಂದು ಪೇಜು ಉಳಿದಿದೆ. ನಿನ್ನೆ ರಾತ್ರಿ ಬರೆದಿದ್ದು: "19. ಈಟಿ ಚುಚ್ಚಿ ಮೇಲಕ್ಕೆತ್ತಿದ, ಅದು ಹಿಡಿತ, ಎಡಕ್ಕೆ ಉರುಳಬೇಕಾ ಗೊತ್ತಿಲ್ಲ. ಒಂದು ನಿಮಿಷ ಐದು. ಬ್ಲೆಸಿಂಗ್ 8." ಶನಿವಾರ ಹುಡುಗ ಬರ್ತಾನೆ, ಅವನ ಹತ್ರ 12 ಇದೆಯಂತೆ. ಚೂರುಗಳು ಎಲ್ಲೆಲ್ಲಿ ಸಿಕ್ತು ಅಂತ ಒಂದು ಪೇಜಲ್ಲಿ ಬರ್ಕೊಂಡು ತರ್ತೀನಿ ಅಂದಿದಾನೆ, ಹೆಂಡತಿ ಅವನಿಗೆ ಅಂತ ಅವರೆಕಾಳು ನೆನೆಹಾಕೋಕೆ ಹೇಳಿದಾಳೆ.